ಪದಚರ್ಚೆ: ಹಕ್ಕಿಗಳ ‘ಸ್ಯಾಟಲೈಟ್ ಟ್ರ್ಯಾಕಿಂಗ್’ಗೆ ಫಲಕದಲ್ಲಿ ಏನು ಬರೆಯಬೇಕು?

ಪ್ರಶ್ನೆ (ಸುರಪುರದಿಂದ, ಶಾಲಾ ಶಿಕ್ಷಕಿ)

ಎಲ್ಲರಿಗೂ ಶರಣಾರ್ಥಿ. ಬೋನಾಳ ಕೆರೆಗೆ ಹೋಗುವ ದಾರಿಯಲ್ಲಿ ನಮ್ಮ ಮಕ್ಕಳು ಒಂದು ಫಲಕ ನಿಲ್ಲಿಸುತ್ತಿದ್ದಾರೆ. ಬೋರ್ಡ್ ಬರೆಯುವವರು ಗುರುವಾರ ಬೆಳಿಗ್ಗೆ ಬರುತ್ತಾರೆ, ಆದ್ದರಿಂದ ಬುಧವಾರ ಸಂಜೆಯೊಳಗೆ ಉತ್ತರ ಬೇಕು. ಚಳಿಗಾಲದಲ್ಲಿ ಮಧ್ಯ ಏಷ್ಯಾದ ಕಡೆಯಿಂದ ನಮ್ಮ ಬಯಲಿಗೆ ಬರುವ ಸೆಳೆವಗಳ (ಹ್ಯಾರಿಯರ್ ಹಕ್ಕಿಗಳ) ವಿಷಯ, ನಾಗಾಲ್ಯಾಂಡಿನಲ್ಲಿ ತಂಗಿ ಆಫ್ರಿಕಾಕ್ಕೆ ಹಾರುವ ಅಮೂರ್ ಚಾಣದ (ಅಮೂರ್ ಫಾಲ್ಕನ್) ವಿಷಯ ಅದರಲ್ಲಿ ಇರುತ್ತವೆ.

ತಲೆಬರಹದಲ್ಲಿಯೇ ತೊಡಕಾಗಿದೆ. ಹದ್ದು, ಗಿಡುಗದಂಥ ಹಕ್ಕಿಗಳಿಗೆಲ್ಲ ಇಂಗ್ಲಿಷಿನಲ್ಲಿ ಹೇಳುವ ‘ರ‍್ಯಾಪ್ಟರ್’ ಎಂಬುದಕ್ಕೆ ಏನು ಬರೆಯಲಿ? ‘ಸ್ಯಾಟಲೈಟ್ ಟ್ರ್ಯಾಕಿಂಗ್’ ಎಂಬುದಕ್ಕೆ ‘ಉಪಗ್ರಹ ಕಣ್ಗಾವಲು’ ಎಂದು ಒಬ್ಬರು ಸೂಚಿಸಿದರು. ನನ್ನ ಮನಸ್ಸಿಗೆ ಬಂದದ್ದು ‘ಉಪಗ್ರಹ ಜಾಡು’. ಇನ್ನೊಂದು ಸಂದೇಹವೂ ಇದೆ. ನಮ್ಮ ಮಕ್ಕಳು ‘ವಲಸೆ ಹಕ್ಕಿ’ ಎನ್ನುವುದಿಲ್ಲ, ‘ಗುಳೆ ಹಕ್ಕಿ’ ಎನ್ನುತ್ತಾರೆ. ಅವರವರ ಮನೆಗಳಿಂದಲೇ ಬೆಂಗಳೂರಿಗೆ, ಪುಣೆಗೆ ಗುಳೆ ಹೋದವರಿದ್ದಾರೆ. ಈ ಮಾತನ್ನು ಫಲಕದಲ್ಲಿ ಉಳಿಸಿಕೊಳ್ಳಬಹುದೇ?

ಉತ್ತರ (ಬೀದರ್)

‘ಉಪಗ್ರಹ ಜಾಡು’ ಅರಿಸಮಾಸ, ಸಂಸ್ಕೃತ ಪದಕ್ಕೆ ಕನ್ನಡ ಪದ ಬೆಸೆದ ಸಮಾಸ. ಕೂಡದು. ‘ಉಪಗ್ರಹ’ವನ್ನೇ ಬಿಡಿ. ‘ಬಾನ್ಸುತ್ತಿ ಸುಳುಹು’ ಎಂದು ಬರೆಯಿರಿ, ಎರಡೂ ಅಚ್ಚಗನ್ನಡ. ಒಂದು ವಾರ ಕಣ್ಣಿಗೆ ಬಿದ್ದರೆ ಯಾವ ಪದವೂ ರೂಢಿಯಾಗುತ್ತದೆ. ರೂಢಿಯಿಲ್ಲ ಎಂಬುದು ಸೋಮಾರಿಗಳ ವಾದ.

ಉತ್ತರ (ಬಸವಕಲ್ಯಾಣ)

ಟ್ರ್ಯಾಕಿಂಗ್ ಬಗ್ಗೆ ನನಗೆ ಹೇಳುವುದೇನೂ ಇಲ್ಲ. ‘ರ‍್ಯಾಪ್ಟರ್’ಗೆ ಮಾತ್ರ ಬೇರೆ ಪದ ಹುಡುಕಬೇಕಾಗಿಲ್ಲ, ‘ಡೇಗೆ’ ಇದೆ. ನಮ್ಮೂರಿನಿಂದ ಆಳಿದ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಡೇಗೆಗಳನ್ನು ಪಳಗಿಸಿ ಬೇಟೆಯಾಡಿಸುವ ವಿನೋದಕ್ಕೇ ಒಂದು ಭಾಗವಿದೆ. ಇಂಥ ಪರಂಪರೆ ಇರುವ ನೆಲದಲ್ಲಿ ‘ಬೇಟೆ ಹಕ್ಕಿ’ ಎಂದು ಬರೆಯುವುದು ಬಡತನ. ತೆಲುಗಿನ ‘ಡೇಗ’ವನ್ನೂ ನೋಡಿ. ಪದ ನಮ್ಮದೇ.

ಉತ್ತರ (ಕಲಬುರಗಿ)

ಟೀಚರ್, ಮೊದಲು ನಿಮ್ಮ ಕೆಲಸದ ಮಾತು. ತಲೆಬರಹ ಹೀಗಿರಲಿ: ‘ವಲಸೆಯ ಬೇಟೆ ಹಕ್ಕಿಗಳು: ಉಪಗ್ರಹದ ಮೂಲಕ ಜಾಡು ಹಿಡಿಯುವ ಬಗೆ’. ಕಾರಣಗಳನ್ನು ಕೆಳಗೆ ಹೇಳುತ್ತೇನೆ. ಓದಲು ಬಿಡುವಿಲ್ಲದಿದ್ದರೆ ಇಷ್ಟನ್ನೇ ಬರೆಸಿರಿ.

‘ಉಪಗ್ರಹ ಜಾಡು’ ಸರಿಯಲ್ಲ ಎಂಬುದರಲ್ಲಿ ಬೀದರಿನ ಹಿರಿಯರೊಂದಿಗೆ ನನಗೆ ಸಹಮತವಿದೆ. ಅವರು ಹೇಳಿದ ಕಾರಣ ಮಾತ್ರ ತಪ್ಪು. ಅರಿಸಮಾಸದ ದೋಷಕ್ಕಿಂತ ದೊಡ್ಡ ದೋಷ ಅರ್ಥದಲ್ಲಿದೆ: ಜಾಡು ಯಾರದು? ‘ಆನೆಯ ಜಾಡು’ ಎಂದರೆ ಆನೆ ನಡೆದ ದಾರಿ. ಹಾಗೆ ನೋಡಿದರೆ ‘ಉಪಗ್ರಹ ಜಾಡು’ ಉಪಗ್ರಹವೇ ಸಾಗಿದ ದಾರಿಯಾಗುತ್ತದೆ. ‘ಉಪಗ್ರಹದ ಜಾಡು’ ಎಂದು ವಿಭಕ್ತಿ ಹಚ್ಚಿದರೆ ತಪ್ಪು ಇನ್ನೂ ಗಟ್ಟಿಯಾಗುತ್ತದೆ. ‘ಉಪಗ್ರಹದ ಮೂಲಕ ಹಕ್ಕಿಯ ಜಾಡು ಹಿಡಿಯುವುದು’ ಎಂದಾಗ ಜಾಡು ಹಕ್ಕಿಯದಾಗುತ್ತದೆ, ಉಪಗ್ರಹ ಉಪಕರಣವಾಗುತ್ತದೆ. ಸಮಾಸವೇ ಇಲ್ಲದ ಕಡೆ ಅರಿಸಮಾಸದ ಪ್ರಶ್ನೆಯೂ ಏಳುವುದಿಲ್ಲ. ಇಂಗ್ಲಿಷಿನಲ್ಲಿ ಎರಡು ನಾಮಪದ ಜೋಡಿಸಿದ್ದಾರೆಂದು ನಾವೂ ಎರಡು ನಾಮಪದ ಜೋಡಿಸಬೇಕಾಗಿಲ್ಲ. ಕನ್ನಡದ ಬಲ ಕ್ರಿಯಾಪದದಲ್ಲಿದೆ.

‘ಬಾನ್ಸುತ್ತಿ’ ಬೇಡ. ಬಾನಿನಲ್ಲಿ ಸುತ್ತುವುದು ಹದ್ದಿನ ಕೆಲಸವೂ ಹೌದು. ಫಲಕ ಓದಿದ ಮಗು ಹಕ್ಕಿಯನ್ನೇ ಬಾನ್ಸುತ್ತಿ ಎಂದುಕೊಳ್ಳುತ್ತದೆ. ‘ಉಪಗ್ರಹ’ ಎಂಬುದು ಐದನೆಯ ತರಗತಿಯ ಮಗುವಿಗೂ ಗೊತ್ತಿರುವ ಪದ. ಗೊತ್ತಿರುವುದನ್ನು ಕಿತ್ತು ಗೊತ್ತಿಲ್ಲದ್ದನ್ನು ನೆಡುವುದು ಕನ್ನಡದ ಸೇವೆಯಲ್ಲ.

‘ಕಣ್ಗಾವಲು’ ಎಂಬುದನ್ನು ನಾನು ಖಂಡಿತವಾಗಿ ವಿರೋಧಿಸುತ್ತೇನೆ. ಅದು ಸುಳ್ಳು. ಈ ಕೆಲಸದಲ್ಲಿ ಉಪಗ್ರಹ ಹಕ್ಕಿಯನ್ನು ನೋಡುವುದೇ ಇಲ್ಲ, ಕೇಳಿಸಿಕೊಳ್ಳುತ್ತದೆ. ಹಕ್ಕಿಯ ಬೆನ್ನಿಗೆ ಕಟ್ಟಿದ ಟ್ರಾನ್ಸ್‌ಮಿಟರ್ ಆಗಾಗ ಸಂಕೇತ ಹೊರಡಿಸುತ್ತದೆ. ಸುಮಾರು 850 ಕಿಲೋಮೀಟರ್ ಎತ್ತರದಲ್ಲಿ, ಧ್ರುವಗಳ ಮೇಲಿಂದ ಸುತ್ತುವ ಆರ್ಗೋಸ್ ವ್ಯವಸ್ಥೆಯ ಉಪಗ್ರಹ ಅದನ್ನು ಹಿಡಿಯುತ್ತದೆ. ವಾಡಿ ಜಂಕ್ಷನ್ನಿನಲ್ಲಿ ನಿಲ್ಲದೆ ಹಾಯುವ ರೈಲಿನ ಸೀಟಿ ಹತ್ತಿರ ಬರುವಾಗ ಏರಿದಂತೆ, ದೂರ ಹೋಗುವಾಗ ಇಳಿದಂತೆ ಕೇಳುತ್ತದಲ್ಲ, ಹಾಗೆಯೇ ಉಪಗ್ರಹ ಸಮೀಪಿಸುವಾಗ ಸಂಕೇತದ ಆವರ್ತನ ಏರುತ್ತದೆ, ದಾಟಿದ ಮೇಲೆ ಇಳಿಯುತ್ತದೆ. ಆ ಏರಿಳಿತದಿಂದ ಹಕ್ಕಿ ಎಲ್ಲಿತ್ತೆಂದು ಲೆಕ್ಕ ಹಾಕುತ್ತಾರೆ. ಹೊಸ ಉಪಕರಣಗಳಲ್ಲಿ ಜಿಪಿಎಸ್ ಇರುತ್ತದೆ. ಅವು ತಮ್ಮ ಸ್ಥಾನವನ್ನು ತಾವೇ ಕಂಡುಕೊಂಡು ಉಪಗ್ರಹದ ಮೂಲಕವೋ ಮೊಬೈಲ್ ಗೋಪುರದ ಮೂಲಕವೋ ಕಳುಹಿಸುತ್ತವೆ. ಎರಡರಲ್ಲಿಯೂ ಕೈಗೆ ಸಿಗುವುದು ಬಿಡಿಬಿಡಿ ಬಿಂದುಗಳು. ಅವನ್ನು ಕೂಡಿಸಿ ದಾರಿಯನ್ನು ಊಹಿಸಬೇಕು. ಹೆಜ್ಜೆ, ಮುರಿದ ಟೊಂಗೆ, ಲದ್ದಿ ನೋಡಿ ಕಾಡಿನವರು ಮಾಡುವುದೂ ಅದನ್ನೇ, ಅದಕ್ಕೆ ಅವರ ಪದ ‘ಜಾಡು’. ‘ಪತ್ತೆ’ಯನ್ನು ಇಲ್ಲಿ ತರಬೇಡಿ. ಕಳೆದುಹೋದದ್ದು ಸಿಕ್ಕಿತು ಎಂಬಲ್ಲಿಗೆ ಪತ್ತೆಯ ಕೆಲಸ ಮುಗಿಯುತ್ತದೆ, ಜಾಡು ಮುಂದುವರಿಯುತ್ತದೆ.

ಜಾಡಿನಿಂದ ಆಗುವ ಉಪಕಾರವನ್ನೂ ಫಲಕದಲ್ಲಿ ಬರೆಯಿರಿ. ಉತ್ತರ ಅಮೆರಿಕದ ಸ್ವೇನ್ಸನ್ ಗಿಡುಗಗಳು ಚಳಿಗಾಲವನ್ನು ಎಲ್ಲಿ ಕಳೆಯುತ್ತವೆಂದು 1990ರ ದಶಕದ ನಡುವಿನಲ್ಲಿ ಉಪಗ್ರಹದ ಮೂಲಕ ಜಾಡು ಹಿಡಿದು ಅರ್ಜೆಂಟೀನಾಕ್ಕೆ ಹೋದವರಿಗೆ ಹೊಲಗಳಲ್ಲಿ ಸಾವಿರಾರು ಸತ್ತ ಗಿಡುಗಗಳು ಕಂಡವು. ಮಿಡತೆಗೆ ಹೊಡೆದ ಮೊನೊಕ್ರೊಟೊಫಾಸ್ ಅವನ್ನು ಕೊಂದಿತ್ತು. ನಮ್ಮ ತೊಗರಿ ಬೆಳೆಗಾರರಿಗೆ ಆ ಔಷಧದ ಹೆಸರು ಹೊಸದಲ್ಲ. ನಮ್ಮ ಹೊಲದ ಮಿಡತೆಯನ್ನು ತಿನ್ನುವ ಸೆಳೆವಕ್ಕೂ ಇದೇ ಮಾತು ಅನ್ವಯಿಸುತ್ತದೆ. ಹಾಗೆಯೇ 2013ರ ನವೆಂಬರಿನಲ್ಲಿ ನಾಗಾಲ್ಯಾಂಡಿನಲ್ಲಿ ಮೂರು ಅಮೂರ್ ಚಾಣಗಳಿಗೆ ಉಪಕರಣ ಕಟ್ಟಿ ನಾಗಾ, ವೋಖಾ, ಪಾಂಗ್ತಿ ಎಂದು ಹೆಸರಿಟ್ಟದ್ದನ್ನು ಬರೆಯಿರಿ. ಉಪಕರಣದ ತೂಕ ಐದು ಗ್ರಾಂ. ಭಾರತದ ಪರ್ಯಾಯ ದ್ವೀಪವನ್ನು ದಾಟಿ, ಅರಬ್ಬೀ ಸಮುದ್ರದ ಮೇಲೆ ಎಲ್ಲಿಯೂ ಇಳಿಯದೆ ಹಾರುವ ಹಕ್ಕಿಯ ದಾರಿ ಹೀಗೆ ತಿಳಿಯಿತು.

‘ಡೇಗೆ’ ಒಳ್ಳೆಯ ಪದ, ಆದರೆ ಇಲ್ಲಿಗೆ ಒಪ್ಪುವುದಿಲ್ಲ. ಮಾನಸೋಲ್ಲಾಸ ಸಂಸ್ಕೃತದ ಕೃತಿ, ಅದರ ಮಾತು ‘ಶ್ಯೇನ’. ಆದ್ದರಿಂದ ಸೋಮೇಶ್ವರನ ಸಾಕ್ಷಿ ‘ಡೇಗೆ’ಗೆ ದೊರೆಯುವುದಿಲ್ಲ. ಡೇಗೆ ಕೆಲವು ಜಾತಿಗಳ ಹೆಸರು, ನಮಗೆ ಬೇಕಿರುವುದು ಹದ್ದು, ಗಿಡುಗ, ಚಾಣ, ಸೆಳೆವ ಎಲ್ಲವನ್ನೂ ಒಳಗೊಳ್ಳುವ ಪದ. ಬೇಟೆಯಾಡುವ ನಾಯಿಗೆ ‘ಬೇಟೆ ನಾಯಿ’ ಎನ್ನುತ್ತೇವೆ, ‘ಬೇಟೆ ಹಕ್ಕಿ’ಯೂ ಅದೇ ದಾರಿಯಲ್ಲಿ ಬಂದದ್ದು. ಎಲ್ಲಕ್ಕೂ ‘ಹದ್ದು’ ಎಂದು ಬರೆಯುವ ಆಸೆ ಯಾರಿಗಾದರೂ ಇದ್ದರೆ ಬಿಟ್ಟುಬಿಡಿ. ನಮ್ಮ ಭಾಗದಲ್ಲಿ ‘ಹದ್ದು’ ಎಂದರೆ ಮೇರೆಯೂ ಹೌದು. ಹಕ್ಕಿಯ ಹೆಸರು ಹಳಗನ್ನಡದ ‘ಪರ್ದು’ವಿನಿಂದ ಬಂತು, ಮೇರೆಯ ಹದ್ದು ಅರಬ್ಬಿಯಿಂದ ಬಂತು. ಭೂಮಾಪಕರ ‘ಹದ್ದುಬಸ್ತು’ ಕೇಳದ ರೈತ ಇಲ್ಲಿ ಇಲ್ಲ.

ಇನ್ನು ‘ಗುಳೆ’. ತಲೆಬರಹಕ್ಕೆ ‘ವಲಸೆ’ಯೇ ಇರಲಿ, ಹೊರಗಿನಿಂದ ಬಂದವರಿಗೂ ತಿಳಿಯಬೇಕು. ಆದರೆ ಒಳಗಿನ ಪಠ್ಯದಲ್ಲಿ ಮಕ್ಕಳ ಮಾತನ್ನು ತಪ್ಪದೆ ಸೇರಿಸಿ. ಹೊಟ್ಟೆಗಾಗಿ ಹೋಗಿ ಕಾಲಕ್ಕೆ ಸರಿಯಾಗಿ ಮರಳುವುದು ಗುಳೆ. ‘ವಲಸೆ’ ಎಂದಾಗ ಹೋದವರು ಮರಳಿ ಬರುತ್ತಾರೋ ಇಲ್ಲವೋ ತಿಳಿಯುವುದಿಲ್ಲ. ಹಿಮ ಬಿದ್ದು ಕೀಟ, ಇಲಿ ಸಿಗದಾದಾಗ ಹೊರಟು, ಮರಿ ಮಾಡುವ ಕಾಲಕ್ಕೆ ಹಿಂದಿರುಗುವ ಹಕ್ಕಿಗೆ ಇದಕ್ಕಿಂತ ಹತ್ತಿರದ ಪದ ನನಗೆ ತಿಳಿದಿಲ್ಲ.

ಉತ್ತರ (ಬೀದರ್)

ಅರಬ್ಬಿ, ಸಂಸ್ಕೃತ, ಇಂಗ್ಲಿಷ್ ಎಲ್ಲವನ್ನೂ ಒಳಗೆ ಬಿಟ್ಟುಕೊಂಡು ‘ಕನ್ನಡದ ಬಲ ಕ್ರಿಯಾಪದದಲ್ಲಿದೆ’ ಎನ್ನುವುದು ನನಗೆ ಒಪ್ಪಿಗೆಯಿಲ್ಲ. ಸಂಸ್ಕೃತ ಸಮಾಸಕ್ಕೆ ಕನ್ನಡ ಬೆರೆಸುವುದು ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬಿಟ್ಟಂತೆ ಎಂದು ಕವಿರಾಜಮಾರ್ಗ ಎಚ್ಚರಿಸಿದ್ದು ನಿಮ್ಮದೇ ಜಿಲ್ಲೆಯ ಮಾಲಖೇಡದಲ್ಲಿ.

ಉತ್ತರ (ಕಲಬುರಗಿ)

ಅದೇ ಗ್ರಂಥ ಸಂಸ್ಕೃತ ಪದವನ್ನು ಹೊರಗೆ ಹಾಕಿಲ್ಲ, ಹೊಂದಿಕೆಯಿಲ್ಲದ ಬೆರಕೆಯನ್ನು ಬೇಡವೆಂದಿದೆ. ಮುಂದೆ ವ್ಯಾಕರಣಕಾರ ಕೇಶಿರಾಜನೂ ಬಿರುದುಗಳಲ್ಲಿ, ಹಿಂದಿನ ಕವಿಗಳ ಪ್ರಯೋಗಗಳಲ್ಲಿ ಅರಿಸಮಾಸವನ್ನು ಒಪ್ಪಿದ್ದಾನೆ. ಎರವಲಿನ ಪ್ರಶ್ನೆಗೆ ಬೇರೆ ಎಳೆ ತೆರೆಯಿರಿ, ಅಲ್ಲಿ ಉತ್ತರಿಸುತ್ತೇನೆ. ಇಲ್ಲಿ ಟೀಚರ್ ಕಾಯುತ್ತಿದ್ದಾರೆ.

ಸುರಪುರದಿಂದ

ತಲೆಬರಹ ಹಾಗೆಯೇ ಬರೆಸುತ್ತೇನೆ, ‘ಗುಳೆ’ಯನ್ನು ಎರಡನೆಯ ಸಾಲಿಗೆ ತಂದಿದ್ದೇನೆ. ಕೊನೆಯದಾಗಿ, ‘ಟ್ರಾನ್ಸ್‌ಮಿಟರ್’ಗೆ ಏನು ಬರೆಯಲಿ?

ಉತ್ತರ (ಕಲಬುರಗಿ)

‘ಟ್ರಾನ್ಸ್‌ಮಿಟರ್’ ಎಂದೇ ಬರೆಯಿರಿ. ಪಕ್ಕದಲ್ಲಿ ಅದರ ಚಿತ್ರ ಹಾಕಿಸಿ.