ಟ್ರೇಲರ್ ಸಿಂಕ್ ಕೆಳಗೆ ನೀರು: ಪ್ರೆಶರ್ ಜಾಸ್ತಿಯಾ?

ಅವಲಕ್ಕಿಪ್ರಿಯ: ಅಮೆರಿಕದಲ್ಲಿದ್ದೇವೆ, ಹಳೆ ಟ್ರೇಲರ್ (ಗಾಡಿಗೆ ಕಟ್ಟಿ ಎಳೆಯುವ ಮನೆ). ಕ್ಯಾಂಪ್‌ಗ್ರೌಂಡ್ ನಲ್ಲಿಗೆ ಹೋಸ್ ಸಿಕ್ಕಿಸಿ ಮಲಗಿದೆವು, ಬೆಳಿಗ್ಗೆ ನೋಡಿದರೆ ಸಿಂಕ್ ಕೆಳಗಿಟ್ಟಿದ್ದ ಅವಲಕ್ಕಿ ಪ್ಯಾಕೆಟ್ ನೆನೆದು ಮುದ್ದೆ! ಪೈಪೇ ಹೋಯ್ತಾ?

ರಸ್ತೆರಾಯ: ನೀರಿನ ಪ್ರೆಶರ್ ತಗ್ಗಿಸುವ ರೆಗ್ಯುಲೇಟರ್ ಹಾಕಿದ್ರಾ? ಕೆಲವು ಕಡೆ ಪ್ರೆಶರ್ 80 ಪಿಎಸ್‌ಐ (ಪ್ರೆಶರ್ ಅಳತೆ) ದಾಟುತ್ತದೆ, ಟ್ರೇಲರ್‌ಗೆ 40–50 ಸಾಕು. ರೆಗ್ಯುಲೇಟರನ್ನು ನಲ್ಲಿಯ ಬಾಯಿಗೇ ಹಾಕಿ, ಟ್ರೇಲರ್ ಕಡೆ ಹಾಕಿದರೆ ಹೋಸ್‌ಗೆ ರಕ್ಷಣೆ ಇಲ್ಲ ಅಲ್ವಾ. ಹೊರಗೆ ಹೋಗುವಾಗ, ಮಲಗುವಾಗ ನಲ್ಲಿ ಬಂದ್ ಮಾಡಿ.

ಮಂಡ್ಯಹೈದ: ಹೋಸ್ ತೆಗೆದು ಟ್ರೇಲರ್‌ನದೇ ಟ್ಯಾಂಕ್ ನೀರಿಗೆ ಪಂಪ್ ಆನ್ ಮಾಡಿ, ಒಳಗಿನ ನಲ್ಲಿ ಎಲ್ಲ ಮುಚ್ಚಿ. ಆಮೇಲೂ ಪಂಪ್ ಆಗಾಗ ಗುರ್ ಅಂದರೆ ಎಲ್ಲೋ ಸೋರುತ್ತಿರಬೇಕು. ಒಂದೊಂದು ಜಾಯಿಂಟಿಗೂ ಟಿಶ್ಯೂ ಒತ್ತಿ ನೋಡಿ, ಒದ್ದೆಯಾದರೆ ಗೊತ್ತಾಗುತ್ತದೆ.

ಅವಲಕ್ಕಿಪ್ರಿಯ: ಸಿಕ್ಕಿತು, ಜಾಯಿಂಟ್ ಸಡಿಲ. ರೆಗ್ಯುಲೇಟರ್ ಇತ್ತು, ಡಬ್ಬದಿಂದ ತೆಗೆದೇ ಇರಲಿಲ್ಲ 😄