ಲೀ ಜುಂಗ್-ಸೋಪ್ ಅವರ ‘ಬಿಳಿ ಎತ್ತು’ ಹೊತ್ತಿರುವ ಭಾರ ಯಾರದು?

ಪ್ರಶ್ನೆ

ಕೊರಿಯಾದ ಚಿತ್ರಕಲಾವಿದ ಲೀ ಜುಂಗ್-ಸೋಪ್ (1916–1956) 1954ರ ಸುಮಾರಿಗೆ ಬರೆದ ‘ಬಿಳಿ ಎತ್ತು’ ಚಿತ್ರದ ಮುದ್ರಿತ ಪ್ರತಿಯನ್ನು ಕೆಲವು ದಿನಗಳಿಂದ ಮುಂದಿಟ್ಟುಕೊಂಡು ನೋಡುತ್ತಿದ್ದೇನೆ. ಮೂಲಚಿತ್ರ ಸೋಲ್‌ನ ಹೊಂಗಿಕ್ ವಿಶ್ವವಿದ್ಯಾಲಯದ ಸಂಗ್ರಹಾಲಯದಲ್ಲಿದೆ. ತಲೆ ತಗ್ಗಿಸಿ ನಡೆಯುತ್ತಿರುವ ಆ ಪ್ರಾಣಿಯ ಹೆಗಲ ಮೇಲೆ ನೊಗವಿಲ್ಲ, ಹಿಂದೆ ಗಾಡಿಯೂ ಇಲ್ಲ. ಆದರೂ ಏನನ್ನೋ ಎಳೆಯುತ್ತಿರುವಂತೆ ಅದರ ಮೈಯೆಲ್ಲ ಬಿಗಿದಿದೆ. ಇದು ಪರರ ಆಳ್ವಿಕೆಯನ್ನೂ ಯುದ್ಧವನ್ನೂ ಸಹಿಸಿದ ನಾಡಿನ ಸಂಕೇತವೆಂದು ಕೆಲವರು, ಕಲಾವಿದನ ಆತ್ಮಚಿತ್ರವೆಂದು ಕೆಲವರು ಬರೆದಿದ್ದಾರೆ. ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1

ಮೊದಲು ಬಣ್ಣವನ್ನು ಗಮನಿಸಿ. ಕೊರಿಯಾದ ನಾಟಿ ದನ ಸಾಮಾನ್ಯವಾಗಿ ಹಳದಿ ಬೆರೆತ ಕಂದು ಬಣ್ಣದ್ದು. ಆ ನಾಡಿನವರು ಬಹುಕಾಲದಿಂದ ತಮ್ಮನ್ನು ಬಿಳಿಯುಡುಗೆಯ ಜನವೆಂದು ಕರೆದುಕೊಂಡವರು; ಎತ್ತು ಬಿಳಿಯಾದದ್ದಕ್ಕೆ ಇದೇ ಕಾರಣವಿರಬೇಕೆಂದು ನನ್ನ ನಂಬಿಕೆ. ಜಪಾನಿನ ಆಳ್ವಿಕೆಯ ಕಾಲದಲ್ಲೇ, ಓಸಾನ್ ಶಾಲೆಯ ವಿದ್ಯಾರ್ಥಿಯಾಗಿದ್ದಾಗಿನಿಂದ ಲೀ ದನಗಳನ್ನು ಚಿತ್ರಿಸುತ್ತಿದ್ದರು. ಗಂಟೆಗಟ್ಟಲೆ ಊರವರ ದನಗಳನ್ನೇ ದಿಟ್ಟಿಸುತ್ತ ನಿಂತದ್ದರಿಂದ ಜನ ಅವರನ್ನು ದನಗಳ್ಳನೆಂದು ಶಂಕಿಸಿದ್ದರೆಂಬ ಮಾತೂ ಇದೆ.

ಉತ್ತರ 2

ನಾಡಿನ ಸಂಕೇತವೆಂಬುದು ಸರಿಯೇ, ಆದರೆ ಅಲ್ಲಿಗೇ ನಿಂತರೆ ಆ ಮನುಷ್ಯನಿಗೆ ಅನ್ಯಾಯವಾಗುತ್ತದೆ. ಅವರು 1945ರಲ್ಲಿ ಈಗಿನ ಉತ್ತರ ಕೊರಿಯಾದ ವೊನ್‌ಸಾನ್‌ನಲ್ಲಿ ಜಪಾನಿನ ಯಮಾಮೊಟೊ ಮಸಾಕೊ ಅವರನ್ನು ಮದುವೆಯಾದರು. 1950ರ ಕೊನೆಯಲ್ಲಿ ಯುದ್ಧದಿಂದ ಪಾರಾಗಲು ಹೆಂಡತಿ ಮತ್ತು ಇಬ್ಬರು ಗಂಡುಮಕ್ಕಳೊಡನೆ ದಕ್ಷಿಣಕ್ಕೆ ಬಂದು, ಮರುವರ್ಷ ಜೆಜು ದ್ವೀಪದ ಸೊಗ್ವಿಪೊದಲ್ಲಿ, ನಾಲ್ವರು ಕಾಲು ಚಾಚಿ ಮಲಗಲೂ ಆಗದಂಥ ಒಂದು ಕೋಣೆಯಲ್ಲಿ, ಕಡಲ ದಂಡೆಯಲ್ಲಿ ಹಿಡಿದ ಏಡಿಗಳನ್ನು ತಿಂದು ದಿನ ದೂಡಿದರು. 1952ರಲ್ಲಿ ಬಡತನ ತಾಳಲಾರದೆ ಹೆಂಡತಿ ಮಕ್ಕಳು ಜಪಾನಿಗೆ ಹೋದರು. 1953ರಲ್ಲಿ ಒಂದು ವಾರದ ಮಟ್ಟಿಗೆ ಅವರನ್ನು ಕಂಡು ಬಂದದ್ದೇ ಕೊನೆ. ಪ್ರಸಿದ್ಧವಾದ ಎತ್ತುಗಳಲ್ಲಿ ಹಲವು ಇದರ ನಂತರ ದಕ್ಷಿಣ ಕೊರಿಯಾದ ಕರಾವಳಿ ಊರಾದ ತೊಂಗ್ಯೊಂಗ್‌ನಲ್ಲಿದ್ದಾಗ ಮೂಡಿದವು. ಕ್ಯಾನ್ವಾಸಿಗೆ ದುಡ್ಡಿಲ್ಲದಾಗ ಸಿಗರೇಟ್ ಪೊಟ್ಟಣದ ಬೆಳ್ಳಿಕಾಗದದ ಮೇಲೆ ಮೊನೆಯಿಂದ ಗೀರಿ, ಬಣ್ಣ ಬಳಿದು ಒರೆಸಿ, ಗೀರುಗಳಲ್ಲಿ ಉಳಿದ ಬಣ್ಣದಿಂದಲೇ ಮಕ್ಕಳನ್ನೂ ಏಡಿಗಳನ್ನೂ ಬಿಡಿಸಿದ ಕೈ ಅದು. 1956ರ ಸೆಪ್ಟೆಂಬರ್‌ನಲ್ಲಿ ಸೋಲ್‌ನ ಆಸ್ಪತ್ರೆಯೊಂದರಲ್ಲಿ, ಹತ್ತಿರದವರು ಯಾರೂ ಇಲ್ಲದೆ ತೀರಿಕೊಂಡಾಗ ಅವರಿಗೆ ನಲವತ್ತು ವರ್ಷ.

ಉತ್ತರ 3

ನಾನು ಬೇಸಾಯದ ಮನೆಯವನು. ಹಾಗಾಗಿ ಪದದ ಬಗ್ಗೆ ಒಂದು ಮಾತು. ಕೊರಿಯನ್ನಿನ ‘ಸೋ’ ಎಂಬ ಪದ ಹಸು, ಎತ್ತು, ಗೂಳಿ ಎಲ್ಲಕ್ಕೂ ಸಲ್ಲುತ್ತದೆ. ಚಿತ್ರದಲ್ಲಿರುವುದು ಬೀಜ ಒಡೆಯದ ಪ್ರಾಣಿಯಾದ್ದರಿಂದ ನಮ್ಮ ಮಾತಿನಲ್ಲಿ ಅದು ಗೂಳಿಯೇ. ಆದರೂ ‘ಎತ್ತು’ ಎಂದದ್ದನ್ನು ನಾನು ತಪ್ಪೆನ್ನಲಾರೆ, ಏಕೆಂದರೆ ದಪ್ಪನೆಯ ಬಿಳಿ ಗೆರೆಗಳು ಮೂಳೆಗಳಂತೆ ಎದ್ದು ಕಾಣುವ ಆ ಮೈಯಲ್ಲಿ ಗೂಳಿಯ ಕೊಬ್ಬಿಲ್ಲ, ದುಡಿದು ಸವೆದ ಪ್ರಾಣಿಯ ಬಡಕಲುತನವಿದೆ. ಹಾಗೆಂದು ಸೋಲೂ ಇಲ್ಲ: ಬಾಲ ಮೇಲೆದ್ದಿದೆ. ಪೂರ್ತಿ ದಣಿದ ಎತ್ತು ಬಾಲವೆತ್ತುವುದನ್ನು ನಾನಂತೂ ಕಂಡಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಮೂರನೆಯ ಉತ್ತರವನ್ನು ಓದಿ ಬಾಲವನ್ನು ಮತ್ತೆ ನೋಡಿದೆ. ಇಷ್ಟು ದಿನ ನನ್ನ ಕಣ್ಣು ತಲೆಯ ಮೇಲಷ್ಟೇ ನೆಟ್ಟಿತ್ತು. 1954ರದೇ ಇನ್ನೊಂದು ಚಿತ್ರವನ್ನೂ ಈಗ ಅದರ ಪಕ್ಕಕ್ಕಿಟ್ಟುಕೊಂಡಿದ್ದೇನೆ. ಅಲ್ಲಿ ಎತ್ತಿಗೆ ಗಾಡಿ ಕಟ್ಟಿದೆ, ಗಾಡಿಯಲ್ಲಿ ಹೆಂಡತಿ ಮತ್ತು ಇಬ್ಬರು ಮಕ್ಕಳಿದ್ದಾರೆ, ಹೂಗಳಿವೆ, ಹಕ್ಕಿಯಿದೆ; ಅಪ್ಪ ಮುಂದೆ ನಿಂತು ಎತ್ತನ್ನು ನಡೆಸುತ್ತಿದ್ದಾನೆ. ಬೆಚ್ಚಗಿನ ದಕ್ಷಿಣ ನಾಡಿಗೆ ಹೊರಟಿದ್ದೇವೆಂದು ಮಗನಿಗೆ ಬರೆದ ಪತ್ರದಲ್ಲೂ ಅವರು ಇದೇ ಚಿತ್ರವನ್ನು ಬಿಡಿಸಿದ್ದರು. ನಿಜವಾದ ಭಾರವನ್ನು ಎಳೆಯುತ್ತಿರುವ ಈ ಎತ್ತೇ ಎರಡರಲ್ಲಿ ಹಗುರಾಗಿ ಹೆಜ್ಜೆ ಹಾಕುತ್ತಿದೆ.