ಬೆಂಗಳೂರಿನಲ್ಲಿ ಬಾಡಿಗೆ, ಭೋಗ್ಯ: ವಕೀಲರಿಗೆ ನಿಮ್ಮ ಪ್ರಶ್ನೆ

ಬಸವನಗುಡಿಯ ಸದಸ್ಯ: ನಮಸ್ಕಾರ ಸರ್. ಎರಡು ಕೋಣೆಯ ಮನೆಗೆ 28 ಸಾವಿರ ಬಾಡಿಗೆ, ಹತ್ತು ತಿಂಗಳ ಮುಂಗಡ ಕೇಳುತ್ತಿದ್ದಾರೆ. ಎರಡು ತಿಂಗಳಿಗಿಂತ ಹೆಚ್ಚು ಕೇಳುವಂತಿಲ್ಲ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬಂದಿದೆ. ನಿಜವೇ?

ವಕೀಲರು: ಅದು 2021ರ ಮಾದರಿ ಬಾಡಿಗೆ ಕಾಯ್ದೆಯ ಮಾತು. ಕೇಂದ್ರ ಕೊಟ್ಟಿರುವುದು ಮಾದರಿ ಮಾತ್ರ. ರಾಜ್ಯ ಅದನ್ನು ಕಾನೂನು ಮಾಡಿಕೊಳ್ಳದೆ ಮಾಲೀಕರಿಗೆ ಅನ್ವಯಿಸುವುದಿಲ್ಲ. ನಮ್ಮ 1999ರ ಬಾಡಿಗೆ ಕಾಯ್ದೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ದಾಟಿದ ಮನೆಗಳನ್ನು ಹೊರಗಿಟ್ಟಿದೆ. ಮುಂಗಡ ಎಷ್ಟು ಎಂಬುದನ್ನು ನೀವೇ ಮಾತನಾಡಿ ಇಳಿಸಿಕೊಳ್ಳಬೇಕು. ಬಣ್ಣಕ್ಕೆ ಎಷ್ಟು ಮುರಿದುಕೊಳ್ಳುತ್ತಾರೆ ಎಂಬುದನ್ನು ಕರಾರಿನಲ್ಲಿ ಬರೆಸಿ.

ಹೆಬ್ಬಾಳದ ಸದಸ್ಯ: ಹನ್ನೊಂದು ತಿಂಗಳ ಕರಾರಿಗೆ ನೋಂದಣಿ ಬೇಕೇ?

ವಕೀಲರು: ಕಡ್ಡಾಯವಲ್ಲ. ಒಂದು ವರ್ಷ ಮೀರಿದರೆ ಬೇಕು.

ಬನಶಂಕರಿಯ ಸದಸ್ಯೆ: ಸರ್, ನಾನು ಶಾಲಾ ಶಿಕ್ಷಕಿ. ಪ್ರತಿ ವರ್ಷ ಬಾಡಿಗೆ ಏರಿಸುವುದನ್ನು ತಾಳಲಾರದೆ ಮೂರು ವರ್ಷಕ್ಕೆ 16 ಲಕ್ಷದ ಭೋಗ್ಯಕ್ಕೆ ಮನೆ ಒಪ್ಪಿಕೊಂಡೆ: ತಿಂಗಳ ಬಾಡಿಗೆ ಇಲ್ಲ, ಮನೆ ಬಿಡುವಾಗ ಹಣ ವಾಪಸ್. 2 ಲಕ್ಷ ಕೊಟ್ಟಾಗಿದೆ. ಮಾಲೀಕರು ಮಸ್ಕತ್‌ನಲ್ಲಿದ್ದಾರೆ, ಕರಾರು ಮಾಡುವುದು ಒಂದು ನಿರ್ವಹಣಾ ಸಂಸ್ಥೆ. ಉಳಿದದ್ದನ್ನು ಶನಿವಾರದೊಳಗೆ ಕೊಡಿ, ಇಲ್ಲವಾದರೆ ಮನೆ ಬೇರೆಯವರಿಗೆ ಹೋಗುತ್ತದೆ ಎನ್ನುತ್ತಿದ್ದಾರೆ. ಒಡವೆ ಅಡವಿಡಲು ಹೊರಟಿದ್ದೇನೆ.

ವಕೀಲರು: ಒಡವೆ ಮನೆಯಲ್ಲೇ ಇರಲಿ ಅಮ್ಮಾ. ಒಂದು ರೂಪಾಯಿಯನ್ನೂ ಇನ್ನು ಕೊಡಬೇಡಿ.

ಈ ಊರಿನಲ್ಲಿ ಇಂಥ ಮೋಸ ಹಲವು ಬಾರಿ ನಡೆದಿದೆ. ಸಂಸ್ಥೆ ಮಾಲೀಕರಿಂದ ಮನೆಯನ್ನು ತಿಂಗಳ ಬಾಡಿಗೆಗೆ ಪಡೆಯುತ್ತದೆ, ನಿಮ್ಮಿಂದ ಭೋಗ್ಯದ ಲಕ್ಷಗಳನ್ನು ಪಡೆಯುತ್ತದೆ. ಕೆಲವು ತಿಂಗಳು ಬಾಡಿಗೆ ಕಟ್ಟಿ ನಿಲ್ಲಿಸುತ್ತದೆ. ಆಗ ಬಾಗಿಲಿಗೆ ಬರುವ ಮಾಲೀಕರು ‘ನೀವು ಯಾರು?’ ಎಂದು ಕೇಳುತ್ತಾರೆ. ಅವರ ಕೈಗೆ ನಿಮ್ಮ ಹಣ ಸೇರಿರುವುದೇ ಇಲ್ಲ.

ಮೊದಲು ಮಾಲೀಕರೊಂದಿಗೆ ವಿಡಿಯೋ ಕರೆಯಲ್ಲಿ ಮಾತನಾಡಿ. ಅವರ ಸಂಖ್ಯೆಯನ್ನು ಸಂಸ್ಥೆಯಿಂದ ಪಡೆಯಬೇಡಿ, ನೆರೆಯವರನ್ನು ಕೇಳಿ. ಸಂಸ್ಥೆಗೆ ಭೋಗ್ಯಕ್ಕೆ ಕೊಡುವ ಅಧಿಕಾರ ಪತ್ರವಿದೆಯೇ? ವಿದೇಶದಲ್ಲಿ ಮಾಡಿದ್ದಾದರೆ ಭಾರತೀಯ ದೂತಾವಾಸದ ದೃಢೀಕರಣವಿದೆಯೇ, ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಿದ್ದಾರೆಯೇ ನೋಡಿ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಋಣಭಾರ ಪತ್ರ (ಇಸಿ) ತೆಗೆಸಿ, ಮನೆಯ ಮೇಲೆ ನೋಂದಣಿಯಾದ ಮಾರಾಟ, ಸಾಲಗಳು ಅದರಲ್ಲಿರುತ್ತವೆ. ಆದರೆ ಅದೊಂದನ್ನೇ ನಂಬಬೇಡಿ: ಹಕ್ಕುಪತ್ರಗಳನ್ನು ಬ್ಯಾಂಕಿನಲ್ಲಿಟ್ಟು ಪಡೆದ ಸಾಲ ನೋಂದಣಿಯಾಗದಿದ್ದರೆ ಅದರಲ್ಲಿ ಕಾಣುವುದಿಲ್ಲ. ಮೂಲ ಕ್ರಯಪತ್ರವನ್ನೇ ಕಣ್ಣಾರೆ ನೋಡಬೇಕು. ಮಾಲೀಕರು ಸಾಲ ತೀರಿಸದಿದ್ದರೆ ಬ್ಯಾಂಕು 2002ರ ಸರ್ಫೇಸಿ ಕಾಯ್ದೆಯಡಿ ಮನೆಯನ್ನು ವಶಕ್ಕೆ ತೆಗೆದುಕೊಳ್ಳಬಹುದು. ನೋಂದಣಿಯಾಗದ ಮೂರು ವರ್ಷದ ಕಾಗದ ನಿಮ್ಮನ್ನು ಕಾಯುವುದಿಲ್ಲ.

2 ಲಕ್ಷವನ್ನು ಹೇಗೆ ಕೊಟ್ಟಿರಿ?

ಯಲಹಂಕದ ಸದಸ್ಯ: ನೋಟರಿ ಮಾಡಿಸಿದರೆ ಸಾಕು. ಹಾಗೆಂದು ವಿಡಿಯೋ ಇದೆ, ಹಾಕುತ್ತೇನೆ.

ವಕೀಲರು: ಹಾಕಬೇಡಿ. ನೋಟರಿಯ ಮೊಹರು ನೋಂದಣಿಯಲ್ಲ. ಅದನ್ನು ನಂಬಿ ದುಡಿಮೆಯೆಲ್ಲ ಕಳೆದುಕೊಂಡವರ ಮೊಕದ್ದಮೆಗಳು ನನ್ನ ಮೇಜಿನ ಮೇಲಿವೆ.

ರಾಜಾಜಿನಗರದ ಮಾಲೀಕ: ಎಲ್ಲ ತಪ್ಪನ್ನೂ ನಮ್ಮ ಮೇಲೆ ಹೊರಿಸಬೇಡಿ. ಬಾಡಿಗೆ ಬಾಕಿ ಉಳಿಸಿ, ಗೋಡೆ ಹಾಳು ಮಾಡಿ ಹೋಗುವವರಿಗೆ ಏನು ಹೇಳುತ್ತೀರಿ?

ವಿಜಯನಗರದ ಸದಸ್ಯೆ: ನೀವು ಜಾತಿ ಕೇಳಿ, ಮಾಂಸ ತಿನ್ನುತ್ತೀರಾ ಎಂದು ಕೇಳಿ, ಮದುವೆಯಾಗಿಲ್ಲವೆಂದು ಗೇಟಿನಲ್ಲೇ ಕಳುಹಿಸುವಾಗ ಯಾವ ಗೋಡೆ ಹಾಳಾಗಿರುತ್ತದೆ? ಸರ್, ಇದಕ್ಕೆ ಕಾನೂನಿನಲ್ಲಿ ದಾರಿಯಿದೆಯೇ?

ರಾಜಾಜಿನಗರದ ಮಾಲೀಕ: ನನ್ನ ಮನೆ, ನನ್ನ ಇಷ್ಟ. ಇಲ್ಲಿ ಕಾವೇರಿ ನೀರು ಬರುತ್ತದೆ, ಟ್ಯಾಂಕರ್ ಖರ್ಚಿಲ್ಲ. ಬೇಡವಾದವರು ಬರಬೇಡಿ.

ವಿಜಯನಗರದ ಸದಸ್ಯೆ: ನಿಮ್ಮಂಥವರಿಂದಲೇ ಸಂಬಳದ ಅರ್ಧ ಕೊಡಲು ಸಿದ್ಧವಿದ್ದರೂ ನಮಗೆ ಮನೆ ಸಿಗುವುದಿಲ್ಲ.

ಯಲಹಂಕದ ಸದಸ್ಯ: ಹನ್ನೆರಡು ವರ್ಷ ಇದ್ದರೆ ಮನೆ ಬಾಡಿಗೆದಾರರದ್ದೇ ಆಗುತ್ತದೆ, ಅದಕ್ಕೇ ಮಾಲೀಕರಿಗೆ ಭಯ.

ವಕೀಲರು: ಸುಳ್ಳು. ಅನುಮತಿಯಿಂದ ಬಾಡಿಗೆಗೆ ಇರುವವರಿಗೆ ಆ ಹಕ್ಕು ಬರುವುದಿಲ್ಲ. ಇನ್ನೊಂದು ಸಂದೇಶ ಹೀಗೆ ಹಾಕಿದರೆ ನಿಮಗೆ ಉತ್ತರಿಸುವುದಿಲ್ಲ.

ಕೆಂಗೇರಿಯ ಸದಸ್ಯ: ಹನ್ನೊಂದು ತಿಂಗಳ ಕರಾರಿಗೆ ನೋಂದಣಿ ಬೇಕೇ ಸರ್?

ವಕೀಲರು: ಮೇಲೆ ಓದಿ.

ಬನಶಂಕರಿಯ ಸದಸ್ಯೆ: ಸರ್, 2 ಲಕ್ಷ ಬ್ಯಾಂಕಿನಿಂದಲೇ ಹೋಗಿದೆ. ಪಕ್ಕದ ಮನೆಯವರಿಂದ ಮಾಲೀಕರ ತಮ್ಮ ಸಿಕ್ಕರು. ಸಂಸ್ಥೆಗೆ ಕೊಟ್ಟಿರುವುದು ಬಾಡಿಗೆಗೆ ಮಾತ್ರ, ಭೋಗ್ಯದ ವಿಷಯವೇ ತಿಳಿದಿಲ್ಲ ಎಂದರು.

ವಕೀಲರು: ಅದನ್ನು ಅವರಿಂದ ಬರಹದಲ್ಲಿ ಪಡೆಯಿರಿ. ಸಂಸ್ಥೆಗೆ ಫೋನಿನಲ್ಲಿ ಏನನ್ನೂ ಹೇಳಬೇಡಿ. ರಸೀದಿ, ಬ್ಯಾಂಕ್ ವಿವರ, ಸಂದೇಶಗಳೊಂದಿಗೆ ನಾಳೆ ಬೆಳಿಗ್ಗೆ ಕಚೇರಿಗೆ ಬನ್ನಿ. ಹಣ ಮರಳಿಸುವಂತೆ ನೋಟಿಸು ಕಳುಹಿಸೋಣ, ಠಾಣೆಯ ದೂರನ್ನೂ ಬರೆಯೋಣ. ಶುಲ್ಕದ ಚಿಂತೆ ಬೇಡ.